ಹಾಳೆ ಅಂಟಿಸಿದ ಬಾಗಿಲು

ಚರ್ಮದ ಸಂಗತಿಯನ್ನು ಮನೋಲನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ರೊಡೋಪಿ ಬೆಟ್ಟದ ಊರಲ್ಲಿ ನಲವತ್ತು ವರ್ಷ ಆಡಿನ ಚರ್ಮ ಹದಮಾಡಿ, ಕಾಲಿನ ತೂತುಗಳಿಗೆ ಕೊಳವೆ ಕಟ್ಟಿ ಗೈದಾ ಅನ್ನೋ ಚೀಲದ ಊದುವಾದ್ಯ ಮಾಡಿದವನು ಅವನು. ಮಾಡಿದ್ದನ್ನು ಕಂಕುಳಲ್ಲಿಟ್ಟುಕೊಂಡು ಮದುವೆ ಮದುವೆಗೆ ಹೋಗಿ ಊದಿದವನೂ ಅವನೇ. ಹಳೇ ಚೀಲ ತಂದುಕೊಟ್ಟರೆ ಹೆಬ್ಬೆರಳಲ್ಲಿ ಒತ್ತಿ, "ಇಲ್ಲಿ ತೆಳ್ಳಗಾಗಿದೆ, ಇನ್ನೆರಡು ಮದುವೆ ತಡೆದರೆ ಹೆಚ್ಚು" ಅನ್ನುತ್ತಿದ್ದ. ಆ ಮಾತು ಸುಳ್ಳಾದದ್ದು ಕಡಿಮೆ.

ಹಾಗಾಗಿ ಬೆಟ್ಟದ ಕೆಳಗಿನ ಪ್ಲೊವ್ದಿವ್ ಪಟ್ಟಣದ ಡಾಕ್ಟರು ಪರದೆ ತೋರಿಸಿ, ಹೃದಯದಿಂದ ಹೊರಡೋ ದೊಡ್ಡ ರಕ್ತನಾಳ ಒಂದು ಕಡೆ ಉಬ್ಬಿದೆ, ಅದರ ಗೋಡೆ ತೆಳ್ಳಗಾಗಿದೆ ಅಂದಾಗ ಅವನ ಹೆಬ್ಬೆರಳು ತಾನಾಗಿ ಅಂಗಿಯ ಗುಂಡಿಯನ್ನು ಒತ್ತುತ್ತಿತ್ತು.

"ಭಾರ ಎತ್ತಬೇಡಿ. ಉಸಿರು ಬಿಗಿ ಹಿಡೀಬೇಡಿ. ಊದೋದನ್ನಂತೂ ಬಿಟ್ಟೇಬಿಡಿ. ಉಬ್ಬಿನ ಅಗಲ ಐವತ್ತೈದು ಮಿಲಿಮೀಟರಿಗೆ ಬಂದರೆ ಆಪರೇಷನ್ ಮಾಡ್ತೀವಿ. ನಿಮ್ಮದಿನ್ನೂ ನಲವತ್ತೊಂಬತ್ತು."

"ಅಲ್ಲೀವರೆಗೆ?"

"ಕಾಯೋದು."

ಮನೆಗೆ ಬಂದ ಮೇಲೆ ಹೆಂಡತಿ ಜಹರಿಂಕಾ ಅವನ ಕೈಯಿಂದ ಸೌದೆ ಕಿತ್ತುಕೊಂಡಳು, ನೀರಿನ ಬಕೆಟ್ಟನ್ನೂ ಕಿತ್ತುಕೊಂಡಳು. ಸೀನು ಬಂದರೂ ಮನೋಲ ಮೂಗು ಅದುಮಿಕೊಂಡು ಬೆವರುತ್ತಿದ್ದ. ಊರಿನವರು "ಗುಂಡುಕಲ್ಲಿನ ಹಾಗಿದ್ದೀಯಲ್ಲೋ, ನಿನಗೇನು ಧಾಡಿ" ಅನ್ನುತ್ತಿದ್ದರು. ಅವರಿಗೆ ಏನಂತ ಹೇಳೋದು? ನೋವಿಲ್ಲ, ಜ್ವರ ಇಲ್ಲ, ಕಣ್ಣಿಗೆ ಕಾಣೋಂಥದ್ದು ಒಂದೂ ಇಲ್ಲ.

ಹೇಳದೇನೇ ಅರ್ಥ ಮಾಡಿಕೊಳ್ಳುವವರು ಅವನಿಗೆ ಸಿಕ್ಕಿದ್ದು ಪ್ಲೊವ್ದಿವ್‌ನಲ್ಲಿ, ಒಂದು ವಾಚನಾಲಯದ ಮಹಡಿ ಕೋಣೆಯಲ್ಲಿ. ಅದೇ ಕಾಯಿಲೆಯವರು, ಅವನೂ ಸೇರಿ ಆರು ಜನ, ತಿಂಗಳ ಮೊದಲ ಮಂಗಳವಾರ ನಾಲ್ಕು ಗಂಟೆಗೆ ಅಲ್ಲಿ ಸೇರುತ್ತಿದ್ದರು. ಆ ಗುಂಪು ಕಟ್ಟಿದವಳು ಎವ್ದೊಕಿಯ, ಶಾಲೆಯ ಅಡುಗೆಮನೆಯಲ್ಲಿ ಮೂವತ್ತು ವರ್ಷ ಹುರುಳಿಕಾಯಿ ಸಾರು ಕಲಕಿದ ಹೆಂಗಸು. ಅವನು ಮೊದಲ ಸಲ ಬಾಗಿಲು ದಾಟಿದಾಗ ಅವಳು ಹೆಸರು ಕೇಳಲಿಲ್ಲ.

"ಎಷ್ಟು?"

"ನಲವತ್ತೊಂಬತ್ತು."

"ಅಯ್ಯೋ ಕೂಸೇ, ಇನ್ನೂ ಹಾಲುಹಲ್ಲು. ಕೂತ್ಕೋ. ಇವನು ಕಾಮೆನ್, ಲಾರಿ ಓಡಿಸ್ತಿದ್ದ, ಐವತ್ತು. ನನ್ನದು ಐವತ್ಮೂರು. ಇಲ್ಲಿ ವಯಸ್ಸು ಲೆಕ್ಕಕ್ಕಿಲ್ಲ, ನಾನೇ ದೊಡ್ಡಕ್ಕ."

ಎಂಟು ತಿಂಗಳ ಮೇಲೆ ಮನೋಲ ಅವತ್ತು ನಕ್ಕ. ನಗುತ್ತಾ ನಗುತ್ತಾ ಎದೆ ಹಿಡಿದುಕೊಂಡ. ನೋಡಿದರೆ ಉಳಿದ ಐವರೂ ಹಾಗೇ ಎದೆ ಹಿಡಿದುಕೊಂಡೇ ನಗುತ್ತಿದ್ದರು.

ಎರಡು ವರ್ಷ ಆ ಮಂಗಳವಾರಗಳೇ ಅವನನ್ನು ಕಾದವು. ಬೆಟ್ಟ ಇಳಿದು ಬರೋದಕ್ಕೆ ಮೂರು ಗಂಟೆ ಬಸ್ಸು, ಹೋಗೋದಕ್ಕೆ ಮೂರು ಗಂಟೆ. ಉಳಿದ ದಿನಗಳಲ್ಲಿ ಗೋಡೆಗೆ ತೂಗುಹಾಕಿದ ಗೈದಾ ಒಣಗಿ ಸುಕ್ಕಾಗೋದನ್ನು ನೋಡುತ್ತಾ ಕೂರುತ್ತಿದ್ದ.

ಸೆಪ್ಟೆಂಬರಿನ ಕೊನೆಯಲ್ಲಿ ಎವ್ದೊಕಿಯ ಅಂಗಳದಲ್ಲಿ ಕೂತು, ಸುಟ್ಟ ಮೆಣಸಿನಕಾಯಿಯ ಸಿಪ್ಪೆ ಸುಲಿಯುತ್ತಿದ್ದವಳು ಹಾಗೇ ಪಕ್ಕಕ್ಕೆ ಒರಗಿದಳು. ಅವಳ ಅಂಕಿ ಆಗಲೂ ಐವತ್ಮೂರೇ ಆಗಿತ್ತು. ಐವತ್ತೈದಕ್ಕೆ ಇನ್ನೂ ಎರಡು ಬಾಕಿ.

ಅಕ್ಟೋಬರಿನ ಮಂಗಳವಾರ ಐದೂ ಜನ ಬಂದರು. ತಂತಮ್ಮ ಅಂಕಿ ಹೇಳಿಕೊಂಡರು, ಚಹಾ ಕುಡಿದರು. ಅವಳ ಹೆಸರನ್ನು ಒಬ್ಬರೂ ಎತ್ತಲಿಲ್ಲ. ಮನೋಲನಿಗೆ ಅದು ಸರಿಕಾಣಲಿಲ್ಲ.

ಆ ಸೀಮೆಯ ರೂಢಿಯಂತೆ, ಸತ್ತವರ ಫೋಟೋ ಹಾಕಿ, ಕಪ್ಪು ಅಂಚು ಕಟ್ಟಿ ಅಚ್ಚು ಹಾಕಿಸಿದ ಹಾಳೆಯನ್ನು ಅವರು ಓಡಾಡಿದ ಬಾಗಿಲಿಗೆಲ್ಲ ಅಂಟಿಸಬೇಕು. ನಲವತ್ತನೇ ದಿನಕ್ಕೆ ಮತ್ತೆ ಹೊಸದು. ಒಂದು ಬಾಗಿಲು ಬಿಟ್ಟರೆ, ಅವರು ಅಲ್ಲಿಗೆ ಬಂದೇ ಇರಲಿಲ್ಲ ಅಂದ ಹಾಗೆ. ಅಂಟಿಸಿದ್ದನ್ನು ಕೀಳೋ ಹಾಗೂ ಇಲ್ಲ. ಮಳೆ ತೊಳೆದು, ಬಿಸಿಲು ಸುಟ್ಟು, ಅದಾಗಿಯೇ ಹೋಗಬೇಕು. ನಲವತ್ತರ ಹಾಳೆಗಳ ಕಟ್ಟನ್ನು ಎವ್ದೊಕಿಯಳ ಮಗಳು ಮನೋಲನ ಕೈಗೆ ಕೊಟ್ಟು, "ಅಮ್ಮ ಎಲ್ಲೆಲ್ಲಿಗೆ ಹೋಗ್ತಿದ್ದಳೋ ನಿಮಗೆ ಗೊತ್ತಲ್ಲ, ಮಾಮಾ" ಅಂದಳು.

ನವೆಂಬರಿನ ಮಂಗಳವಾರ ಅವನು ಬೆಳಗಿನ ಬಸ್ಸಿಗೇ ಬಂದ. ಬ್ರೆಡ್ ಅಂಗಡಿಗೊಂದು ಅಂಟಿಸಿದ, ಬಸ್ ನಿಲ್ದಾಣಕ್ಕೊಂದು. ಮಹಡಿ ಕೋಣೆಯ ಬಾಗಿಲಿನ ಹೊರಮೈಗೆ, ಎದೆಯ ಎತ್ತರಕ್ಕೆ, ಗೋಧಿಹಿಟ್ಟಿನ ಅಂಟು ಚೆನ್ನಾಗಿ ಬಳಿದು ಒಂದು. ಆಮೇಲೆ ಒಲೆ ಹೊತ್ತಿಸಿ, ಚಳಿ ಬರದಂತೆ ಬಾಗಿಲು ಮುಚ್ಚಿ, ಆರು ಕುರ್ಚಿ ಹಾಕಿದ. ಸತ್ತವರ ಹೆಸರಲ್ಲಿ ಹಂಚೋದಕ್ಕೆ ಅಂತ ಜಹರಿಂಕಾ ಸಕ್ಕರೆ ಹಾಕಿ ಬೇಯಿಸಿಕೊಟ್ಟ ಗೋಧಿಯನ್ನು ಬಟ್ಟಲುಗಳಿಗೆ ಹಾಕಿಟ್ಟ.

ನಾಲ್ಕು ಗಂಟೆಗೆ ಮೆಟ್ಟಿಲ ಮೇಲೆ ಸದ್ದಾಯಿತು. ಒಂದು ಕಾಲು ಎಳೆಯುವ ನಡಿಗೆ, ಕಾಮೆನ್‌ನದು. ಹೆಜ್ಜೆ ಬಾಗಿಲ ತನಕ ಬಂದು ನಿಂತಿತು. ಒಂದು ಕೆಮ್ಮು. ಆಮೇಲೆ ಹೆಜ್ಜೆ ಇಳಿದು ಹೋಯಿತು.

ಸಿಗರೇಟಿಗೆ ಹೋದನೇನೋ ಅಂದುಕೊಂಡ ಮನೋಲ.

ಹೆಂಗಸಿನ ಹಿಮ್ಮಡಿ ಸದ್ದು ಬಂತು, ನಿಂತಿತು, ಇಳಿಯಿತು. ಇನ್ನಿಬ್ಬರು ಮಾತಾಡುತ್ತಾ ಹತ್ತಿದವರು ಬಾಗಿಲ ಹತ್ತಿರ ಮಾತು ನಿಲ್ಲಿಸಿದರು. ಅವರೂ ಇಳಿದರು. ಮನೋಲ ಎದ್ದು ಕಿಟಕಿಗೆ ಹೋದ. ಎದುರಿನ ಬಸ್ ನಿಲ್ದಾಣದಲ್ಲಿ ಕಾಮೆನ್ ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದ. ಅಲ್ಲೂ ಹಾಳೆ ಇತ್ತು. ಬಸ್ಸು ಬಂತು, ಹತ್ತಿ ಹೋದ.

ಐದೂವರೆಯವರೆಗೂ ಮನೋಲ ಕೂತಿದ್ದ. ಆರು ಬಟ್ಟಲ ಗೋಧಿಯನ್ನೂ ಮತ್ತೆ ಡಬ್ಬಕ್ಕೆ ಸುರಿದುಕೊಂಡ.

ಮರುದಿನ ಕಾಮೆನ್‌ಗೆ ಫೋನು ಮಾಡಿದ. "ಯಾಕೋ ವಾಪಸ್ ಹೋದೆ?"

"ಬೇರೆ ಎಲ್ಲಿ ಬೇಕಾದ್ರೂ ಅಂಟಿಸಬಹುದಿತ್ತಲ್ಲ, ಮಾರಾಯ."

"ಅವಳು ಎಲ್ಲಕ್ಕಿಂತ ಹೆಚ್ಚು ದಾಟಿದ್ದು ಆ ಬಾಗಿಲನ್ನೇ."

"ಅದಕ್ಕೇ ಹೇಳಿದ್ದು. ನಾನು ಅಲ್ಲಿಗೆ ಬರ್ತಿದ್ದದ್ದು ಐದು ಜನ ಇನ್ನೂ ಇದ್ದಾರೆ ಅಂತ ನೋಡೋಕೆ. ಒಬ್ಬಳಿಲ್ಲ ಅಂತ ನೀನು ಬಾಗಿಲಲ್ಲೇ ಹೇಳಿಬಿಟ್ಟೆ." ಫೋನಿಡೋ ಮುಂಚೆ, "ಅದರ ಪಕ್ಕದಲ್ಲಿ ಜಾಗ ಇತ್ತು ಕಣೋ. ನನ್ನದೇ ಅಳತೆಗೆ" ಅಂದ.

ಜಹರಿಂಕಾ ಕೇಳಿಸಿಕೊಂಡು, "ಹೋಗಿ ಕಿತ್ತು ಬಾ, ದೇವರು ಕ್ಷಮಿಸ್ತಾನೆ" ಅಂದಳು.

"ಮುಖ ಇದೆಯಲ್ಲೇ ಅದರಲ್ಲಿ. ಹರಿದರೆ?"

"ಹಾಗಾದರೆ ಮಳೆಗೆ ಬಿಡು."

"ಮಹಡಿ ಒಳಗೆ ಎಲ್ಲಿಯ ಮಳೆ."

ಡಿಸೆಂಬರಿನ ಮಂಗಳವಾರಕ್ಕೆ ಒಂದು ವಾರ ಮುಂಚೆ ಅವನ ಸ್ಕ್ಯಾನ್ ಆಯಿತು. ಫಲಿತಾಂಶದ ಚೀಟಿ ಕೋಟಿನ ಒಳಜೇಬಿನಲ್ಲಿ ಕೂತಿತು. ಅವತ್ತು ಮಹಡಿ ಹತ್ತಿದವನು ಹಾಳೆಯ ಮುಂದೆ ನಿಂತ. ಅಂಟು ಗಟ್ಟಿಯಾಗಿ ಹಿಡಿದಿತ್ತು, ಅಂಚಿನಲ್ಲೂ ಎದ್ದಿರಲಿಲ್ಲ. ಆ ಬಾಗಿಲು ಹೊರಗಡೆಗೆ ತೆರೆಯುವಂಥದ್ದು. ಅದನ್ನು ಪೂರ್ತಿ ತೆಗೆದು, ಮೊಗಸಾಲೆಯ ಗೋಡೆಗೆ ಒತ್ತಿ, ಅಲುಗದಂತೆ ಒಂದು ಕುರ್ಚಿ ಆನಿಸಿದ. ಎವ್ದೊಕಿಯಳ ಮುಖ ಗೋಡೆಯ ಕಡೆಗಾಯಿತು. ಉಳಿದದ್ದು ಐದು ಕುರ್ಚಿ. ಒಲೆಯ ಕಾವೆಲ್ಲ ಮೆಟ್ಟಿಲಿಗೆ ಹರಿದುಹೋಗುತ್ತಿತ್ತು. ಅವನು ಕೋಟು ತೆಗೆಯದೆ ಕೂತ.

ನಾಲ್ಕೂವರೆಗೆ ಎಳೆಯುವ ಕಾಲಿನ ಸದ್ದು ಬಂತು. ಕಾಮೆನ್ ತೆರೆದ ಬಾಗಿಲನ್ನೂ, ಅದಕ್ಕೆ ಆನಿಸಿದ ಕುರ್ಚಿಯನ್ನೂ ನೋಡಿದ. ಒಳಗೆ ಬಂದು, ಟೋಪಿ ತೆಗೆಯದೆ ಎದುರಿಗೆ ಕೂತ. ಬೇರೆ ಯಾರೂ ಬರಲಿಲ್ಲ.

"ಚಳಿ."

"ಹೌದು."

"ಬಾಗಿಲು ಹಾಕಿದರೆ ಬೆಚ್ಚಗಾಗುತ್ತೆ."

ಇಬ್ಬರೂ ಏಳಲಿಲ್ಲ.

ಎಷ್ಟು ಅಂತ ಕಾಮೆನ್ ಕೇಳಲಿಲ್ಲ. ಕೇಳಿಬಿಟ್ಟಾನೇನೋ ಅಂತ ಮನೋಲ ಕೋಟಿನ ಮೇಲಿನಿಂದಲೇ ಚೀಟಿಯನ್ನು ಒತ್ತಿ ಹಿಡಿದಿದ್ದ. ಅದರಲ್ಲಿ ಐವತ್ಮೂರು ಅಂತ ಇತ್ತು. ಹೇಳಿದರೆ ಇನ್ನು ಮೇಲೆ ತಾನೇ ದೊಡ್ಡಣ್ಣ.