ಒಪ್ಪುತ್ತೇನೆ ಎಂದ ಮಾತು

ನನ್ನ ಮಾವ ಪಂಚಾಯತಿ ಚುನಾವಣೆಗೆ ನಿಂತು ಸೋತದ್ದು ಅರವತ್ತರ ದಶಕದ ಆರಂಭದಲ್ಲಿ. ಮಾವ ಎಂದರೆ ನನ್ನ ತಾಯಿಯ ತಮ್ಮ. ತಾಯಿಯ ಕಡೆಯಿಂದ ಮನೆತನ ಸಾಗುವ ನಮ್ಮಲ್ಲಿ ಮನೆಯ ಯಜಮಾನರು ಅವರೇ. ಗುರುವಾಯನಕೆರೆಯಿಂದ ವೇಣೂರಿಗೆ ಹೋಗುವ ರಸ್ತೆಯ ಎರಡೂ ಬದಿಗೆ ನಮ್ಮ ಗದ್ದೆಗಳಿದ್ದವು. ಊರಿನಲ್ಲಿ ಹೆಚ್ಚಿನವರು ನಮ್ಮ ಒಕ್ಕಲುಗಳೇ. ನಾನು ಟ್ರೈನಿಂಗ್ ಮುಗಿಸಿ ಅದೇ ಊರಿನ ಶಾಲೆಯಲ್ಲಿ ಟೀಚರಾಗಿದ್ದೆ.

ಮಾವನ ಎದುರು ನಿಂತವರು ಬಸ್ಸು ನಿಲ್ಲುವಲ್ಲಿ ಹೋಟೆಲು ಇಟ್ಟಿದ್ದವರು. ನಮ್ಮ ಮನೆಯಲ್ಲಿ ಅವರನ್ನು ‘ಹೋಟೆಲಿನವ’ ಎನ್ನುತ್ತಿದ್ದೆವು; ಈಗ ಹಾಗೆ ಬರೆಯಲು ಮನಸ್ಸು ಒಪ್ಪುವುದಿಲ್ಲ. ಅವರಿಗೆ ಮಾತು ಜಾಸ್ತಿ. ಮಂಗಳೂರಿನಿಂದ ಬಸ್ಸಿನಲ್ಲಿ ಬರುವ ಪೇಪರನ್ನು ಗಿರಾಕಿಗಳಿಗೆ ಗಟ್ಟಿಯಾಗಿ ಓದಿ ಹೇಳುತ್ತಿದ್ದರು. ಹೋಟೆಲಿದ್ದ ಜಾಗ ನಮ್ಮದು. ಅವರ ತಂದೆಯ ಕಾಲದಲ್ಲಿ ಬರೇ ಬಾಯಿಮಾತಿನಲ್ಲಿ ಕೊಟ್ಟದ್ದು.

ನಮ್ಮ ಹೆಡ್‌ಮಾಷ್ಟ್ರು ಮೂಡಬಿದ್ರೆಯ ಕಡೆಯವರು. ಅವರ ಊರಿನಲ್ಲಿ ಹಿಂದೆ ಒಂದು ಚುನಾವಣೆಯ ನಂತರ ಎರಡು ಪಂಗಡಗಳಾಗಿ, ಒಬ್ಬರ ಮನೆಯ ಮದುವೆಗೆ ಇನ್ನೊಬ್ಬರು ಹೋಗದೆ, ಕೊನೆಗೆ ಸಾವಿಗೂ ಹೋಗದ ಹಾಗಾಗಿತ್ತಂತೆ. ಅದು ಇಲ್ಲಿ ಆಗಬಾರದು ಎಂಬುದು ಅವರ ಆಸೆ. ಮತದಾನಕ್ಕೆ ಮೊದಲಿನ ಒಂದು ಆದಿತ್ಯವಾರ ಸಂಜೆ ಇಬ್ಬರನ್ನೂ ಊರಿನವರನ್ನೂ ಶಾಲೆಯ ಜಗಲಿಗೆ ಕರೆಸಿದರು. ಅಲ್ಲಿ ನಡೆದ ಮಾತೆಲ್ಲ ತುಳುವಿನಲ್ಲೇ. ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ.

“ಫಲಿತಾಂಶ ಏನೇ ಬರಲಿ, ಒಪ್ಪುತ್ತೇನೆ ಅಂತ ಇಬ್ಬರೂ ಎಲ್ಲರ ಎದುರು ಒಂದು ಮಾತು ಹೇಳಿ. ಬೇರೆ ಏನೂ ಬೇಡ,” ಎಂದರು ಹೆಡ್‌ಮಾಷ್ಟ್ರು.

“ಓ, ಅದಕ್ಕೇನು? ಒಪ್ಪುತ್ತೇನೆ,” ಎಂದು ಮಾವ ನಕ್ಕರು. ಸೋಲುತ್ತೇನೆಂಬ ಯೋಚನೆ ಅವರ ಹತ್ತಿರವೂ ಸುಳಿದಿರಲಿಲ್ಲ. ಆದ್ದರಿಂದ ಆ ಮಾತಿಗೆ ಅವರಿಗೆ ಏನೂ ಭಾರವಿರಲಿಲ್ಲ.

ಹೋಟೆಲಿನವರು ಎದ್ದು ನಿಂತರು. “ನಾನು ಹೇಳುವುದಿಲ್ಲ ಮಾಷ್ಟ್ರೇ.”

ಜಗಲಿಯಲ್ಲಿ ಗುಜುಗುಜು ಎದ್ದಿತು. “ಯಾಕೆ ಮಾರಾಯ?” ಎಂದು ಯಾರೋ ಕೇಳಿದರು.

“ನಾನು ಸೋತರೆ ಒಪ್ಪದೆ ಏನು ಮಾಡ್ಲಿಕ್ಕುಂಟು? ಮರುದಿನ ಎದ್ದು ಚಾ ಮಾಡ್ಬೇಕು, ಅಷ್ಟೆ. ಆದರೆ ಧನಿಗಳು ಸೋತರೆ ಅವರಿಗೆ ಮಾಡ್ಲಿಕ್ಕೆ ತುಂಬಾ ಉಂಟು. ಜಾಗ ಬಿಡು ಅಂದರೆ ನಾನು ಬಿಡ್ಬೇಕು. ನನಗೆ ವೋಟು ಹಾಕಿದ ಒಕ್ಕಲುಗಳು ಗದ್ದೆ ಬಿಡ್ಬೇಕು. ಒಪ್ಪುತ್ತೇನೆ ಅಂದರಲ್ಲ, ಅದರಲ್ಲಿ ಇದೆಲ್ಲ ಸೇರಿದೆಯಾ ಅಂತ ಕೇಳಿ. ಸೇರಿದ್ರೆ ನಾನೂ ಹೇಳ್ತೇನೆ.”

ಎಲ್ಲರೂ ಮಾವನ ಮುಖ ನೋಡಿದರು. ಮಾವ ಹೆಗಲ ಶಾಲು ಸರಿಮಾಡಿಕೊಂಡು ಎದ್ದರು. “ಕತ್ತಲಾಗ್ತದೆ, ಹೋಗುವ,” ಎಂದು ನನ್ನನ್ನು ಕರೆದರು. ಹೆಡ್‌ಮಾಷ್ಟ್ರ ಸಭೆ ಹಾಗೆ ಮುಗಿಯಿತು.

ಗದ್ದೆಯ ಬದುವಿನಲ್ಲಿ ನಡೆಯುವಾಗ ನಾನೆಂದೆ, “ಅವರಿಗೆ ಒಂದು ಉತ್ತರ ಕೊಡಬಹುದಿತ್ತು ಮಾವ.”

“ಯಾವುದಕ್ಕೆ ಉತ್ತರ? ಇಷ್ಟರವರೆಗೆ ನಾನು ಯಾರ ಜಾಗ ಬಿಡಿಸಿದ್ದೇನೆ? ನಾನು ಬಿಡಿಸುವವ ಅಂತ ಅವನು ಎಲ್ಲರ ಎದುರು ಹೇಳಿದ ಹಾಗಾಯ್ತಲ್ಲ! ಬಿಡಿಸುವುದಿಲ್ಲ ಅಂತ ನಾನು ಹೇಳಿದರೆ, ಅಂಥವ ನಾನು ಹೌದು ಅಂತ ಒಪ್ಪಿದ ಹಾಗೆ.”

ಅದೂ ಸರಿ ಎನಿಸಿತು. ಹೋಟೆಲಿನವರು ಕೇಳಿದ್ದೂ ಸರಿ ಎನಿಸಿತು. ಒಂದೇ ಮಾತು ಒಬ್ಬರಿಗೆ ಮರ್ಯಾದೆಯ ಪ್ರಶ್ನೆ, ಇನ್ನೊಬ್ಬರಿಗೆ ಬದುಕಿನ ಪ್ರಶ್ನೆ ಎಂಬುದು ಆ ಸಂಜೆಯವರೆಗೆ ನನಗೆ ಹೊಳೆದಿರಲಿಲ್ಲ. ಆ ಮನೆಯ ಅನ್ನ ಉಂಡು ಬೆಳೆದವಳಿಗೆ ಹೇಗೆ ಹೊಳೆಯಬೇಕು?

ಮತದಾನ ನಮ್ಮ ಶಾಲೆಯಲ್ಲೇ ನಡೆಯಿತು. ನಾನು ಮಾವನಿಗೇ ವೋಟು ಹಾಕಿದೆ. ಸಂಜೆ ಎಣಿಕೆ. ಮಾವ ಸೋತರು, ಅಂತರ ಬಹಳ ಇರಲಿಲ್ಲ. ಅವರು ಅಧಿಕಾರಿಗೆ ಕೈಮುಗಿದು, ಯಾರ ಮುಖವನ್ನೂ ನೋಡದೆ ಮನೆಗೆ ಬಂದರು. ಯಾವ ಒಕ್ಕಲು ಯಾರಿಗೆ ಹಾಕಿದ ಎಂದು ತಿಳಿಯುವ ಹಾಗಿಲ್ಲ. ಅದೇ ಅವರಿಗೆ ಹೆಚ್ಚು ನೋವಾದದ್ದೆಂದು ಕಾಣುತ್ತದೆ. ಮರುದಿನ ಬೆಳಿಗ್ಗೆ ಕೆಲಸಕ್ಕೆ ಬಂದ ಒಕ್ಕಲು ತನ್ನವನೋ ಅಲ್ಲವೋ ಎಂದು ನೋಡುವ ನೋಟ ಅವರ ಕಣ್ಣಿನಲ್ಲಿ ಬಂದಿತ್ತು.

ನಾಲ್ಕು ಜನ ಬೆಂಬಲಿಗರು ಮನೆಗೆ ಬಂದು ಕೂತರು. ತಿರಸ್ಕರಿಸಿದ ವೋಟುಗಳೆಲ್ಲ ನಮ್ಮವೇ, ಸತ್ತವರ ಹೆಸರಿನಲ್ಲೂ ವೋಟು ಬಿದ್ದಿದೆ, ಬೆಳ್ತಂಗಡಿಯಲ್ಲಿ ಒಳ್ಳೆಯ ವಕೀಲರಿದ್ದಾರೆ, ನಾಳೆಯೇ ಹೋಗುವ ಎಂದರು. ಮಾವ ಹೆಡ್‌ಮಾಷ್ಟ್ರಿಗೆ ಹೇಳಿ ಕಳುಹಿಸಿದರು. ಅವರು ಬಂದ ಕೂಡಲೇ ಕೇಳಿದರು,

“ತಕರಾರು ಅರ್ಜಿ ಹಾಕಿದರೆ ನಾನು ಮಾತು ತಪ್ಪಿದ ಹಾಗೆ ಆಗ್ತದಾ ಮಾಷ್ಟ್ರೇ?”

ಹೆಡ್‌ಮಾಷ್ಟ್ರು ಹೇಳಿದರು, “ಇಲ್ಲ. ಅರ್ಜಿಗೆ ಕಾನೂನಿನಲ್ಲೇ ದಾರಿ ಉಂಟು. ಅನ್ಯಾಯ ಆಗಿದ್ದರೆ ಕೇಳಬೇಕು. ಕೋರ್ಟಿನವರು ಹೇಳಿದ ಮೇಲೆ ಅದನ್ನೂ ಒಪ್ಪುವುದಾದರೆ ಮಾತು ತಪ್ಪಿದ ಹಾಗಲ್ಲ.”

ಬಾಗಿಲ ಬಳಿ ನಿಂತಿದ್ದ ಅಮ್ಮ ಕೇಳಿದಳು, “ತಮ್ಮಾ, ನಿನ್ನ ಕಣ್ಣಿಗೆ ಅನ್ಯಾಯ ಕಂಡಿತಾ?”

“ಇಲ್ಲ. ಇವರು ಹೇಳ್ತಾರೆ.”

“ಇವರು ಸತ್ತವರು ಅನ್ನುತ್ತಾರಲ್ಲ, ಯಾರು ಆ ಸತ್ತವರು?”

ಬೆಂಬಲಿಗರು ಒಬ್ಬರನ್ನೊಬ್ಬರು ನೋಡಿಕೊಂಡರು. ಒಂದು ಹೆಸರೂ ಹೊರಡಲಿಲ್ಲ. ಕಾಫಿ ಕುಡಿದು ಎದ್ದು ಹೋದರು. ವಕೀಲರ ಮಾತು ಮತ್ತೆ ಬರಲಿಲ್ಲ.

ಅಷ್ಟಕ್ಕೆ ಎಲ್ಲ ಮುಗಿಯಿತೆಂದು ನಾವು ತಿಳಿದಿದ್ದೆವು. ಒಂದು ದಿನ ಶಾಲೆಯಿಂದ ಬರುವಾಗ ಹೋಟೆಲಿನ ಎದುರು ಒಂದು ಎತ್ತಿನ ಗಾಡಿ ನಿಂತಿತ್ತು. ಬೆಂಚು, ಹಂಡೆ, ಪಾತ್ರೆಗಳನ್ನು ಏರಿಸುತ್ತಿದ್ದರು. ಹೋಟೆಲಿನವರ ಹೆಂಡತಿಯನ್ನು ಕೇಳಿದೆ. “ವೇಣೂರಿನಲ್ಲಿ ನನ್ನ ಅಣ್ಣ ಇದ್ದಾನೆ ಟೀಚರೇ. ನಾಳೆ ಹೊರಡುವುದು,” ಎಂದು ಹೇಳಿ ಅವರು ಮುಖ ತಿರುಗಿಸಿದರು.

ಮನೆಗೆ ಬಂದು ಹೇಳಿದೆ. ಸೋತ ದಿನವೂ ಮಾವನ ಮುಖ ಹಾಗಾಗಿರಲಿಲ್ಲ. “ನಾನು ಏನೂ ಹೇಳಲಿಲ್ಲವಲ್ಲ!” ಎಂದರು.

“ಹೇಳಲಿಲ್ಲ, ಅದಕ್ಕೇ ಅವರು ಹೊರಟದ್ದು,” ಎಂದೆ.

ಮರುದಿನ ನಾನು ಶಾಲೆಗೆ ಹೊರಟಾಗ ಮಾವ ಚಪ್ಪಲಿ ಮೆಟ್ಟಿ ಅಂಗಳದಲ್ಲಿ ನಿಂತಿದ್ದರು. ನನ್ನ ಜೊತೆಗೇ ರಸ್ತೆಗೆ ಬಂದರು. ಹೋಟೆಲಿನ ಎದುರು ರಸ್ತೆಯಲ್ಲೇ ನಿಂತು ಕರೆದರು. ಬಸ್ಸಿಗೆ ಕಾದವರು ಏಳೆಂಟು ಜನ ಇದ್ದರು.

“ಏನಿದು, ಎಲ್ಲಿಗೆ ಹೊರಟದ್ದು?”

“ಬಿಡು ಅಂತ ಹೇಳಿಸಿಕೊಳ್ಳುವ ಮೊದಲೇ ಬಿಡುವುದು ಒಳ್ಳೆಯದಲ್ವಾ ಧನಿ?”

“ಬಿಡಲಿಕ್ಕೆ ನಾನು ಹೇಳಿದ್ದೇನಾ?”

“ಬಿಡುವುದು ಬೇಡ ಅಂತಲೂ ಹೇಳಲಿಲ್ಲ.”

ಮಾವ ಒಂದು ಹೆಜ್ಜೆ ಮುಂದೆ ಬಂದರು. ಬೈದೇ ಬಿಡುತ್ತಾರೆಂದು ನನಗೆ ಹೆದರಿಕೆಯಾಯಿತು.

“ಹಾಗಾದರೆ ಈಗ ಹೇಳ್ತೇನೆ, ಕೇಳು. ನೀನು ಗೆದ್ದದ್ದು ಹೌದು. ಜಾಗ ಬಿಡುವುದು ಬೇಡ. ನಿನಗೆ ವೋಟು ಹಾಕಿದವರ ಗದ್ದೆಗೂ ನಾನು ಕೈ ಹಾಕುವುದಿಲ್ಲ. ಇವರೆಲ್ಲ ಕೇಳಿದ್ದಾರೆ. ಸಾಕಾ?”

ದನಿಯಲ್ಲಿ ಪ್ರೀತಿ ಏನೂ ಇರಲಿಲ್ಲ. ಹೋಟೆಲಿನವರು ಗಾಡಿಯಿಂದ ಒಂದು ಬೆಂಚು ಇಳಿಸಿ ಇಟ್ಟರು. “ಸಾಕು ಧನಿ. ಒಳಗೆ ಬನ್ನಿ,” ಎಂದರು. ಮಾವ “ಬೇಡ” ಎಂದು ಬಂದ ದಾರಿಯಲ್ಲೇ ಹಿಂದೆ ಹೋದರು.

ಮಾವ ಆ ಮಾತನ್ನು ಉಳಿಸಿಕೊಂಡರು. ಸ್ನೇಹ ಮಾತ್ರ ಬೆಳೆಯಲಿಲ್ಲ. ಹೋಟೆಲಿನವರು ಪಂಚಾಯತಿಯಿಂದ ತೋಡಿನ ನೀರು ದಾಟಲು ಒಂದು ಕಾಲುಸಂಕ ಮಾಡಿಸಿ, ಅದರ ಉದ್ಘಾಟನೆಗೆ ಮನೆಗೆ ಬಂದು ಕರೆದಾಗಲೂ ಮಾವ ಹೋಗಲಿಲ್ಲ. ನಾನು ಕೇಳಿದ್ದಕ್ಕೆ, “ಒಪ್ಪುತ್ತೇನೆ ಅಂತ ಹೇಳಿದ್ದು. ಖುಷಿಪಡ್ತೇನೆ ಅಂತ ಹೇಳಲಿಲ್ಲವಲ್ಲ,” ಎಂದರು.

ಚುನಾವಣೆಗೆ ನಿಲ್ಲುವವರಿಂದ ಅಂಥ ಮಾತು ತೆಗೆದುಕೊಳ್ಳಬೇಕೇ ಎಂದು ಆಮೇಲೆ ಎಷ್ಟೋ ಸಲ ಯೋಚಿಸಿದ್ದೇನೆ. ತೆಗೆದುಕೊಳ್ಳಬೇಕು ಎಂದೇ ನನಗೆ ಕಾಣುತ್ತದೆ. ಸುಲಭವಾಗಿ ಆಡಿದ್ದಾದರೂ ಆ ಮಾತು ಮಾವನನ್ನು ವಕೀಲರ ವಿಷಯದಲ್ಲಿ ಒಂದು ಗಳಿಗೆ ತಡೆದು ನಿಲ್ಲಿಸಿತು. ಆದರೆ ಗಾಡಿಗೆ ಏರಿದ ಪಾತ್ರೆಗಳನ್ನು ಇಳಿಸಲು ಅದು ಸಾಲಲಿಲ್ಲ. ಅದಕ್ಕೆ ಅವರೇ ನಡೆದು ಹೋಗಿ ಏನೇನು ಮಾಡುವುದಿಲ್ಲವೆಂದು ಬಿಡಿಸಿ ಹೇಳಬೇಕಾಯಿತು.

ಮುಂದಿನ ಚುನಾವಣೆಗೆ ಮಾವ ನಿಲ್ಲಲಿಲ್ಲ. ಹೋಟೆಲಿನವರು ಒಬ್ಬ ಯುವಕನ ಎದುರು ಸೋತರು. ಸೋತು ಬಹಳ ಕೆಟ್ಟದಾಗಿ ನಡೆದುಕೊಂಡರು. ಎಣಿಕೆಯಲ್ಲಿ ಮೋಸ ಎಂದು ಬಸ್ಸಿನಿಂದ ಇಳಿದವರಿಗೆಲ್ಲ ಹೇಳಿದರು, ಹೆಡ್‌ಮಾಷ್ಟ್ರ ಜೊತೆ ಮಾತು ಬಿಟ್ಟರು, ತನಗೆ ವೋಟು ಹಾಕಲಿಲ್ಲವೆಂದು ಸಂಶಯವಿದ್ದ ಗಿರಾಕಿಗಳ ಎದುರು ಚಾದ ಲೋಟ ಕುಕ್ಕಿ ಇಟ್ಟರು. ಇದನ್ನು ನಮ್ಮ ಮನೆಯ ಚಾವಡಿಯಲ್ಲಿ ಯಾರೋ ಹೇಳಿ ನಕ್ಕಾಗ ಮಾವ ನಗಲಿಲ್ಲ.

“ಸ್ವಲ್ಪ ದಿನ ಬಿಡಿ ಅವನನ್ನು,” ಎಂದರು. “ಸೋತದ್ದು ಅಷ್ಟು ಬೇಗ ಗಂಟಲಿನಿಂದ ಇಳಿಯುವಂಥದ್ದಲ್ಲ.”