ಗ್ಲೌಸು ಕೊಡದ ಬೆಳಿಗ್ಗೆ

ಗುಂಡ್ಲುಪೇಟೆಗೆ ಬಂದ ಮೊದಲ ದಿನ ಟೀ ಅಂಗಡಿಯವನು ನನ್ನನ್ನು ‘ಚೇಚಿ’ ಎಂದು ಕರೆದ. ಬೈದನೇನೋ ಎಂದು ಗುರಾಯಿಸಿದೆ. ಮಲಯಾಳದಲ್ಲಿ ಅಕ್ಕ ಎಂದು ಅರ್ಥವಂತೆ. ಮುದುಕಿಯನ್ನು ಅಕ್ಕ ಎಂದರೆ ಬೇಜಾರೇಕೆ?

ನಮ್ಮೂರು ಹರವೆ ಬಿಟ್ಟು ಬಂದದ್ದು ಮೊಮ್ಮಗಳು ಭಾಗ್ಯಳಿಗಾಗಿ. ಅವಳ ಗಂಡ ಲಾರಿ ಡ್ರೈವರು, ಹೋದರೆ ವಾರ ಬರುವುದಿಲ್ಲ. ಇವಳು ಬಸುರಿ, ಚೆಂಡುಹೂವಿನ ಫ್ಯಾಕ್ಟರಿಯಲ್ಲಿ ಕೆಲಸ.

ನಮ್ಮೂರಲ್ಲಿ ಕೂಲಿಯವರು ಬೇಡವಾದರೆ ಜಮೀನಿನವರು ಎದುರಿಗೇ ಹೇಳುತ್ತಾರೆ. ನಾವೂ ಎರಡು ಮಾತು ಆಡಿಯೇ ಬರುತ್ತೇವೆ. ಇಲ್ಲಿನ ಪದ್ಧತಿ ಬೇರೆ. ಬೆಳಿಗ್ಗೆ ಗೇಟಿನಲ್ಲಿ ಮೇಸ್ತ್ರಿ ಗ್ಲೌಸು ಹಂಚುತ್ತಾನೆ. ಯಾವ ಹೆಂಗಸಿಗೆ ಕೊಡಲಿಲ್ಲವೋ ಅವಳ ಕೆಲಸ ಹೋಯಿತು, ಮಾತಿಲ್ಲ ಕತೆಯಿಲ್ಲ. ಗಂಡಸರನ್ನಾದರೆ ಆಫೀಸಿಗೆ ಕರೆದು, ಕೂರಿಸಿ, ಕಾರಣ ಹೇಳುತ್ತಾರಂತೆ.

ಭಾಗ್ಯ ಮರೆತ ತಿಂಡಿ ಡಬ್ಬಿ ಹಿಡಿದು ಒಂದು ಬೆಳಿಗ್ಗೆ ಗೇಟಿಗೆ ಹೋದೆ. ಅವಳ ಕೈ ಬರಿದಾಗಿತ್ತು. ಪಕ್ಕದಲ್ಲಿ ನಿಂತಿದ್ದ ಸೋಲಿಗರ ಹುಡುಗಿ ಕೇತಮ್ಮನದೂ ಅಷ್ಟೇ.

“ಯಾಕ್ಲಾ ಮೇಸ್ತ್ರಿ, ಇವ್ಳಿಗೆಲ್ಲಿ ಗ್ಲೌಸು?” ಎಂದೆ.

“ಬಸ್ರಿ, ಬಿದ್ದುಗಿದ್ದಾಳು ಕಣಜ್ಜಿ.”

“ನಿನ್ನ ಎತ್ತವ್ವ ಬಸ್ರೀಲಿ ಮಂಚದ್ ಮ್ಯಾಲೆ ಕೂತಿದ್ಳಾ? ಓಗ್ಲಿ ಬುಡು, ಕೇತಮ್ಮಂಗೆ ಏನ್ ರೋಗ?”

“ಕಾಡ್ನೋರು ಅಜ್ಜಿ. ಯಾವಾಗ ಓಯ್ತಾರೋ, ಯಾವಾಗ ಬತ್ತಾರೋ.”

“ಒಂದಿನಾನೂ ತಪ್ಸಿಲ್ಲ ನಾನು,” ಎಂದಳು ಕೇತಮ್ಮ, ನೆಲ ನೋಡುತ್ತ.

ಹೆಂಗಸರೆಲ್ಲ ಮೇಸ್ತ್ರಿಯನ್ನೇ ನೋಡತೊಡಗಿದರು. ಅವನು ಭಾಗ್ಯಳತ್ತ ಒಂದು ಜೊತೆ ಚಾಚಿದ. “ನೀನು ನಮ್ಮೋಳು, ತಕ್ಕೊಂಡು ಒಳೀಕೆ ಓಗು ಕಣಮ್ಮಿ.”

ಭಾಗ್ಯ ಕೈ ಮುಂದೆ ಮಾಡಲಿಲ್ಲ. “ಮೊದ್ಲು ಕೇತಮ್ಮಂಗೆ ಕೊಡಣ್ಣ.”

ಸಿಕ್ಕ ಕೆಲಸವನ್ನೂ ಕಳೆದುಕೊಂಡಳಲ್ಲ ಎಂದು ನಾನು ಅಂದುಕೊಳ್ಳುವಷ್ಟರಲ್ಲಿ ಹಿಂದಿದ್ದವಳೊಬ್ಬಳು ತನ್ನ ಗ್ಲೌಸು ಬಿಚ್ಚಿದಳು. ಆಮೇಲೆ ಇನ್ನೊಬ್ಬಳು, ಆಮೇಲೆ ಎಲ್ಲರೂ. ಹೂವಿನ ಲಾರಿ ಬಿಸಿಲಲ್ಲಿ ನಿಂತಿತ್ತು, ಹೂ ಬಾಡುತ್ತಿತ್ತು. ಮೇಸ್ತ್ರಿ ಒಳಗೆ ಹೋಗಿ ಬಂದು ಇಬ್ಬರಿಗೂ ಕೊಟ್ಟ.

ನನಗೆ ಬೀದಿಯಲ್ಲೇ ಕುಣಿಯುವಂತಾಯಿತು. ಕನ್ನಡ ಬಂದವರಿಗೂ ಬಾರದವರಿಗೂ ಮೊಮ್ಮಗಳ ಸುದ್ದಿ ಹೇಳಿಕೊಂಡು ಮನೆಗೆ ಬಂದೆ. ಸಂಜೆ ಪಾಯಸ ಮಾಡಿ ಕೇತಮ್ಮನನ್ನೂ ಕರೆದೆ.

ಬಡಿಸುತ್ತಿದ್ದಾಗಲೇ ಹರವೆಯಿಂದ ತಮ್ಮನ ಫೋನು. “ಅಕ್ಕೋ, ಸಾಕು, ಊರ್ಗೆ ಬಾ.”

“ಬತ್ತೀನಿ ಕಣ್ಲಾ,” ಎಂದೆ. ಸುಳ್ಳಲ್ಲ. ಊರೆಂದರೆ ನನಗೆ ಹರವೆಯೇ. ಆದರೆ ಅಲ್ಲಿ ಕೇತಮ್ಮನನ್ನು ನಡುಮನೆಗೆ ಕರೆಯಬೇಕಾದರೆ ನಾಲ್ಕು ಜನರ ಮುಖ ನೋಡಬೇಕು. ಇಲ್ಲಿ ನಮಗಿರುವುದು ಬಾಡಿಗೆಯ ಒಂದೇ ಕೋಣೆ. ಅವಳು ಒಲೆಯ ಪಕ್ಕದಲ್ಲೇ ಕೂತು ಉಣ್ಣುತ್ತಿದ್ದಳು. ಬೇಡ ಬೇಡ ಎಂದರೂ ಇನ್ನೊಂದು ಸೌಟು ಹಾಕಿದೆ.