ಪುಸ್ತಕದಲ್ಲಿಲ್ಲದ ಬಕೆಟ್ಟು

ಎಡ್ನಾ ಬ್ರೈತ್‌ವೇಟಳ ಮುತ್ತಜ್ಜ ಅಮೋಸ್ ನಮ್ಮ ಥಾರ್ನ್‌ಬೆಕ್ ಊರಿನಲ್ಲಿ ಬೂಟು ಹೊಲಿಯುವವನು. ಊರ ಪಾದ್ರಿಯ ಮಗಳು ಅವನು ಹೊಲಿದ ಬೂಟು ಮೆಟ್ಟಿ ಗುಡ್ಡ ಸುತ್ತುತ್ತಲೇ ಜಗತ್ತೆಲ್ಲ ಓದುವ ಆ ಕಾದಂಬರಿ ಕಟ್ಟಿದಳು. ಹಾಗಾಗಿ ಅದರಲ್ಲಿ ಅರ್ಧ ಪಾಲು ತಮ್ಮದೆಂದು ಆ ಮನೆಯವರ ವಾದ. ಅಜ್ಜ ಜೋನಾಸ್, ಮೂಕಿ ಸಿನಿಮಾದವರು ಬಂದಾಗ, ನಾಯಕ ಕುದುರೆ ಹತ್ತಿದ್ದು ಪುಸ್ತಕದಲ್ಲಿದ್ದ ಹಾಗಿಲ್ಲವೆಂದು ಅವರ ಮೇಲೆ ನಾಯಿ ಛೂ ಬಿಟ್ಟ. ಅವ್ವ ಆಗ್ನೆಸ್ ಎಲ್ಲರನ್ನೂ ಮೀರಿಸಿದಳು. ಕಾದಂಬರಿಯನ್ನು ಇದ್ದದ್ದು ಇದ್ದ ಹಾಗೆ ತೆಗೆದ ನಾಲ್ಕು ಗಂಟೆಯ ಸಿನಿಮಾದಲ್ಲಿ ಬಕೆಟ್ ಹಿಡಿದು ಅಂಗಳ ದಾಟಿದಳು.

ಪಾದ್ರಿಯ ಮಗಳು ಹುಟ್ಟಿದ ದಿನ ಪ್ರತಿ ಜನವರಿಯಲ್ಲೂ ಊರ ಸಭಾಂಗಣದಲ್ಲಿ ಅದೇ ಸಿನಿಮಾ. ಸತ್ತ ಅವ್ವ ಊರವರ ಮುಂದೆ ನಡೆದಾಡುವುದು ಅದೊಂದೇ ದಿನ; ಎಡ್ನಾಗೆ ಅದಕ್ಕಿಂತ ದೊಡ್ಡ ಹಬ್ಬವಿರಲಿಲ್ಲ. ಉಳಿದ ನಾವು ಟೀ ಕುಡಿದು ನಿದ್ದೆ ಹೋಗುತ್ತಿದ್ದೆವು. ಬಕೆಟ್ ಬರುವ ಹೊತ್ತಿಗೆ ಎಡ್ನಾ ಪಕ್ಕೆಗೆ ತಿವಿಯುತ್ತಿದ್ದಳು. ಎದ್ದು, ತಲೆದೂಗಿ, ಮತ್ತೆ ತೂಕಡಿಸುತ್ತಿದ್ದೆವು.

ಹೋದ ವರ್ಷ ಅದೇ ಕಥೆಯ ಇನ್ನೊಂದು ಸಿನಿಮಾ ಬಂತು. ಕಥೆಯನ್ನು ಎತ್ತಿ ಬಂದರಿನ ಮೀನಂಗಡಿಯಲ್ಲಿ ಇಟ್ಟಿದ್ದರು. ಕುದುರೆಯ ಜಾಗಕ್ಕೆ ಸ್ಕೂಟರು. ಕೊನೆಗೆ ಸಾಯಬೇಕಾದ ಹುಡುಗಿ ಸಾಯುವುದೇ ಇಲ್ಲ. ಮಾಂಸದಂಗಡಿಯ ಕ್ಲಿಫ್ ಹೋಲ್ರಾಯ್ಡ್ ಅದನ್ನು ಪಟ್ಟಣದಲ್ಲಿ ನೋಡಿ, ಅತ್ತು ಬಂದು, ಈ ಸಲ ಇದೇ ಆಗಲಿ ಎಂದು ಸಭೆ ಕರೆಸಿದ.

ನಮ್ಮಲ್ಲಿ ಕೈಯೆತ್ತಿ ತೀರ್ಮಾನಿಸುವುದಿಲ್ಲ. ಒಂದು ಪಕ್ಷ ಚಳಿ ಕಾಯಿಸುವ ಒಲೆಯ ಕಡೆ, ಇನ್ನೊಂದು ಕಿಟಕಿಯ ಕಡೆ ಕೂರಬೇಕು. ಒಲೆ ಹಚ್ಚುವವಳು ಎಡ್ನಾ, ಒಲೆಯ ಕಡೆಯೂ ಅವಳದೇ. ಚಳಿಗಾಲದಲ್ಲಿ ಅವಳ ಪಕ್ಷ ಸೋತದ್ದನ್ನು ನಾನಂತೂ ಕಂಡಿರಲಿಲ್ಲ.

"ಮೀನಂಗಡಿಯಂತೆ, ಮೀನಂಗಡಿ!" ಅಂದಳು ಎಡ್ನಾ. "ಪುಸ್ತಕದಲ್ಲಿ ಇಲ್ಲದ ಒಂದು ನೊಣ ಕೂಡ ನಮ್ಮ ಸಿನಿಮಾದಲ್ಲಿ ಹಾರಲ್ಲ. ನೀನು ಆ ಪುಸ್ತಕದ ಮುಖ ಆದ್ರೂ ನೋಡಿದ್ದೀಯೇನೋ?"

"ನಿನ್ನ ಬಾಯಿಗೆ ಹೆದರಿ ಹೋದ ವಾರ ಓದಿ ಮುಗಿಸಿದೆ ಕಣಮ್ಮಾ." ಕ್ಲಿಫ್ ಕೋಟಿನೊಳಗಿಂದ ಪುಸ್ತಕ ತೆಗೆದ. "ಅಂಗಳದ ಪುಟ ಇದೇ ಅಲ್ವಾ? ಬಕೆಟ್ ಹಿಡಿದ ಹೆಂಗಸು ಎಲ್ಲಿದ್ದಾಳೆ, ತೋರಿಸು."

ಎಡ್ನಾ ನಗುತ್ತಲೇ ಪುಸ್ತಕ ಇಸಕೊಂಡಳು. ಓದಿದಳು. ಮತ್ತೆ ಓದಿದಳು. ಅಂಗಳದಲ್ಲಿ ನರಪಿಳ್ಳೆಯೂ ಇರಲಿಲ್ಲ ಎಂದೇ ಪಾದ್ರಿಯ ಮಗಳು ಬರೆದಿದ್ದಳು. ಇಷ್ಟು ವರ್ಷ ಆ ಪುಟಕ್ಕೆ ಬಂದಾಗಲೆಲ್ಲ ಎಡ್ನಾಗೆ ಕಂಡದ್ದು ಅವ್ವ. ಅಚ್ಚಾದ ಅಕ್ಷರ ಕಂಡೇ ಇರಲಿಲ್ಲ.

"ಹಂಗಾದ್ರೆ ಪುಸ್ತಕ ಕೆಡಿಸಿದ್ದು ಆಗ್ನೆಸ್ಸೇ ಅನ್ನು!" ಎಂದರು ಯಾರೋ. ಸಭೆಯೆಲ್ಲ ನಕ್ಕಿತು. ಒಬ್ಬೊಬ್ಬರೇ ಕೋಟಿನ ಗುಂಡಿ ಹಾಕಿಕೊಂಡು ಕಿಟಕಿಯ ಕಡೆ ನಡೆದರು.

ಗೆದ್ದ ಕ್ಲಿಫನ ಮುಖವೇ ಸಣ್ಣಗಾಯಿತು. "ಎಡ್ನಾ, ಮುನಿಸಿಕೋಬೇಡ ಕಣೇ. ನಿಮ್ಮವ್ವ ಬರೋ ತುಂಡನ್ನಷ್ಟೇ ಕತ್ತರಿಸಿ ಮೀನಂಗಡಿಗಿಂತ ಮುಂಚೆ ಹಾಕಿಸ್ತೀನಿ. ನಮ್ಮ ಅಳಿಯ ಮಾಡಿಕೊಡ್ತಾನೆ. ಎಲ್ರೂ ಎಚ್ಚರವಾಗಿದ್ದೇ ನೋಡ್ತಾರೆ."

ಎಡ್ನಾ ಒಲೆಗೆ ಇನ್ನಷ್ಟು ಕಲ್ಲಿದ್ದಲು ಸುರಿದಳು.

"ಬೇಡ ಕಣಯ್ಯಾ. ತುಂಡು ಮಾಡಿ ಮಾರೋಕೆ ನಮ್ಮವ್ವ ನಿನ್ನಂಗಡಿ ಕುರಿಯಲ್ಲ. ಅವಳು ಬರೋದು ಎರಡು ಗಂಟೆ ಕಾದವರಿಗೆ. ನಾನೊಬ್ಬಳೇ ಮನೇಲಿ ಇಡೀ ಸಿನಿಮಾ ಹಾಕ್ಕೊಂಡು ಕೂತು ಕಾಯ್ತೀನಿ, ಹೋಗು."